ಹದಿನೈದು ಗಂಟೆಯ ದಾರಿ

ವೀಲ್ ಸ್ಪ್ಯಾನರ್ ನನ್ನ ಎಡಗೈ ಮೇಲೆ ಬಿತ್ತು.

ಎರಡು ಬೆರಳು ಮುರಿದ ಶಬ್ದ ನನಗೇ ಕೇಳಿಸಿತು... ಲಾರಿಯ ಕ್ಯಾಬಿನ್ನಿನಿಂದ ಯಾರ್ಡಿನ ಕಾಂಕ್ರೀಟಿಗೆ ಉರುಳಿದೆ.

“ನನ್ನ ಲಾರಿಲಿ ಏನೋ ಹುಡುಕ್ತಿದ್ದೆ?”

ಗಿಡ್ಡ. ಆ ಲಾರಿಯ ಡ್ರೈವರ್. ಐದಡಿಗೂ ಕಮ್ಮಿ. ಸಿಟ್ಟು ಮಾತ್ರ ಆರಡಿ.

“ಗೋಡೌನ್ ಮ್ಯಾನೇಜರನ್ನ ಕೊಂದೋನನ್ನ.”

“ಅದಕ್ಕೆ ನಿನ್ನ ತಮ್ಮ ಒಳಗಿದಾನಲ್ಲ.”

ಇದ್ದಾನೆ. ಹೆಣವನ್ನು ಮೊದಲು ಕಂಡವನು ಅವನು. ಜೀವ ಇದೆಯೇನೋ ಎಂದು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡ. ಅಂಗಿ ತುಂಬ ರಕ್ತ. ಪೊಲೀಸರಿಗೆ ಅಷ್ಟೇ ಸಾಕಾಯಿತು. ನಾನು ವಿಮೆ ಕಂಪನಿಗಳಿಗೆ ಸುಳ್ಳು ಹಿಡಿದುಕೊಡುವವನು. ಆ ತಮ್ಮನನ್ನು ಎತ್ತಿ ಆಡಿಸಿದವನೂ ನಾನೇ. ನೇಣಿಗೆ ಬಿಡುತ್ತೇನೆಯೇ?

ಗಿಡ್ಡ ನಕ್ಕ. “ಕೊಲೆ ಆಗಿದ್ದು ಆ ಊರಿನ ಗೋಡೌನಲ್ಲಿ, ಬೆಳಗ್ಗೆ ಎಂಟಕ್ಕೆ. ನಾನು ಏಳಕ್ಕೇ ಈ ಊರಿನ ಗೇಟಲ್ಲಿದ್ದೆ. ರಿಜಿಸ್ಟರ್ ನೋಡ್ಕೊ. ಮಧ್ಯ ಒಂಬೈನೂರು ಕಿಲೋಮೀಟರ್. ಹದಿನೈದು ಗಂಟೆ ದಾರಿ. ಹಾರ್ಕೊಂಡು ಹೋದ್ನಾ?”

“ಹಾರ್ಲಿಲ್ಲ. ಅರ್ಧ ದಾರಿಲಿ ಇಳಿದೆ.”

ನಗು ನಿಂತಿತು.

ಈ ಲೈನಿನ ಡ್ರೈವರುಗಳದ್ದು ಒಂದು ಕಳ್ಳ ಪದ್ಧತಿ. ಆ ಊರಿನಿಂದ ಒಬ್ಬ, ಈ ಊರಿನಿಂದ ಒಬ್ಬ ಹೊರಡುತ್ತಾನೆ. ನಡುದಾರಿಯ ಪೆಟ್ರೋಲ್ ಬಂಕಿನಲ್ಲಿ ಲಾರಿ, ಕಾಗದ ಅದಲುಬದಲು. ಲಾರಿ ಪೂರ್ತಿ ದೂರ ಹೋಗುತ್ತದೆ, ಡ್ರೈವರ್ ವಾಪಸ್ ಹೋಗಿ ತನ್ನ ಮನೆಯಲ್ಲೇ ಮಲಗುತ್ತಾನೆ. ಗೇಟಿನವನು ಕಾಗದದಲ್ಲಿದ್ದ ಹೆಸರು ಬರೆದುಕೊಳ್ಳುತ್ತಾನೆ, ಮುಖ ನೋಡುವುದಿಲ್ಲ. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವನು.

“ಇಲ್ಲಿಗೆ ಓಡಿಸ್ಕೊಂಡು ಬಂದಿದ್ದು ಕಂಬ” ಎಂದೆ. ಕಂಬ ಅವನ ಜೊತೆಗಾರ, ಆರೂಕಾಲು ಅಡಿ.

“ಸಾಕ್ಷಿ?”

“ಕ್ಯಾಬಿನ್ನಲ್ಲೇ ಇದೆ. ಹತ್ತಿ ಕೂತ್ಕೊ, ಗೊತ್ತಾಗುತ್ತೆ.”

ಸ್ಪ್ಯಾನರನ್ನು ಮತ್ತೆ ಬೀಸಿದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ. ನನಗೆ ಪೂರ್ತಿ ತಪ್ಪಲಿಲ್ಲ, ಪಕ್ಕೆಲುಬು ಸವರಿಕೊಂಡು ಹೋಯಿತು. ಅವನ ಮೊಣಕಾಲಿಗೆ ಒದ್ದು ಓಡಿದೆ.

ಇಳಿಜಾರಿನ ಕೊನೆಯಲ್ಲಿ ಕಬ್ಬಿಣದ ಸರಳು ತುಂಬಿದ ಟ್ರೇಲರ್. ಅದರ ಆಚೆಗೆ ಹಾರಿಬಿದ್ದೆ.

ಹಿಂದೆ ಇಂಜಿನ್ ಗುಡುಗಿತು. ನನ್ನನ್ನು ಅರೆಯಲು ಗಿಡ್ಡ ಲಾರಿ ಹತ್ತಿದ್ದ.

ಕೊಲೆಯ ದಿನದಿಂದ ಲಾರಿಯನ್ನು ಯಾರೂ ಓಡಿಸಿರಲಿಲ್ಲ; ಗಿಡ್ಡ ಈಗಷ್ಟೇ ಬಸ್ಸಲ್ಲಿ ಬಂದಿದ್ದ. ಕಂಬನ ಕಾಲಿಗೆ ತಕ್ಕಂತೆ ಸೀಟು ಹಿಂದಕ್ಕೆ, ಕ್ಯಾಬಿನ್ನಿನ ಹಿಂಗೋಡೆಗೆ ಅಂಟಿಕೊಂಡಿತ್ತು. ಅದರ ಫೋಟೊ ಆಗಲೇ ಪೊಲೀಸರಿಗೆ ಕಳಿಸಿದ್ದೆ. ಗಿಡ್ಡ ಸೀಟಿನ ತುದಿಗೆ ಜಾರಿ ಹೇಗೋ ಕ್ಲಚ್ ಒತ್ತಿರಬೇಕು. ಲಾರಿ ಜಿಗಿಯಿತು. ಆ ಜರ್ಕಿಗೆ ಹಿಂದಕ್ಕೆ ಬಿದ್ದ. ಸ್ಟೀರಿಂಗಿನ ಮೇಲೆ ಎರಡು ಕೈ ಮಾತ್ರ ಕಾಣುತ್ತಿದ್ದವು... ಇಳಿಜಾರು ಉಳಿದ ಕೆಲಸ ಮಾಡಿತು.

ಸರಳುಗಳು ಗಾಜು ಸೀಳಿ ಒಳಹೊಕ್ಕವು.

ಒಂದು ಅವನ ಭುಜವನ್ನು ಸೀಟಿಗೆ ಹೊಲಿದಿತ್ತು. ಯಾರ್ಡಿನ ಮೇಸ್ತ್ರಿ ಓಡಿಬಂದ.

“ತೆಗಿ... ಇದನ್ನ ತೆಗಿಯೋ...”

“ಮೊದ್ಲು ಹೇಳು. ಮೇಸ್ತ್ರಿಗೂ ಕೇಳೋ ಹಾಗೆ.”

ಹೇಳಿದ. ದಾರಿಯಲ್ಲಿ ಮಾಲು ಕದಿಯುತ್ತಿದ್ದನಂತೆ, ಮ್ಯಾನೇಜರ್ ಹಿಡಿದನಂತೆ, ಅದಕ್ಕೇ ಕೊಂದನಂತೆ. ನನ್ನ ತಮ್ಮ ಮನೆಗೆ ಬರುತ್ತಾನೆ ಎಂಬುದೊಂದೇ ನನ್ನ ಕಿವಿಗೆ ಬಿತ್ತು. ಅಳು ಬಂತು, ಅತ್ತೆ.

ಆಮೇಲೆ ಕ್ಯಾಬಿನ್ನಿಗೆ ಬಗ್ಗಿ ನೋಡಿದೆ. ಒಂಬೈನೂರು ಕಿಲೋಮೀಟರನ್ನು ಏಮಾರಿಸಿದವನು ಬ್ರೇಕಿಗೆ ಒಂದು ಗೇಣು ಕಮ್ಮಿ ಬಿದ್ದಿದ್ದ.