ದೂರು ಬರೆಯಬೇಕಿದ್ದ ಕೈ

“ಕಿರಣನ ಮೇಲೆ ಯಾರೂ ಕೈ ಮಾಡದ ಹಾಗೆ ನಾನು ನೋಡ್ಕೋತೀನಿ, ಆಂಟಿ.”

ಅಮೆರಿಕದ ಕೆಂಡಲ್ ಪಾರ್ಕ್ ಊರಿನ ಸ್ಕೂಲ್ ಬಸ್ ಸ್ಟಾಪಿನಲ್ಲಿ ಅಕ್ಷತಾ ಗುರುಸಿದ್ದಮ್ಮನಿಗೆ ಕೊಟ್ಟ ಮಾತು ಅದು. ಆಗ ಅವಳು ಏಳನೇ ಕ್ಲಾಸು. ಈಗ ಲಾಯರು.

ಗುರುಸಿದ್ದಮ್ಮನ ಮಗ ಬಸವಕಿರಣ್ ಕೌಂಟಿ ಜೈಲಿನ ಶವರ್ ಕೋಣೆಯಲ್ಲಿ ರಕ್ತದ ಮಡುವಿನಲ್ಲಿ ಬಿದ್ದಿದ್ದ. ದವಡೆ ಮುರಿದಿತ್ತು. ಬಲಗೈ ಬೆರಳುಗಳು ನಜ್ಜುಗುಜ್ಜು. ಹಿಂದಿನಿಂದ ಯಾರೋ ತಲೆಗೆ ಟವೆಲ್ ಸುತ್ತಿ ಕೆಡವಿದ್ದರು. ಅವನು ಮುಖ ನೋಡಿರಲಿಲ್ಲ.

ಕುಡಿದು ರೂಟ್ ಒನ್ ಹೆದ್ದಾರಿಯಲ್ಲಿ ಕಾರು ಗುದ್ದಿಸಿ ಒಳಗೆ ಹೋದವನು. ಊಟದ ಕೋಣೆಯಲ್ಲಿ ಗಾರ್ಡ್ ಮೆರಿಲ್ ತನ್ನ ಮುಖವನ್ನು ತಟ್ಟೆಗೆ ಅಪ್ಪಳಿಸಿ ಹಲ್ಲು ಉದುರಿಸಿದನೆಂದು ದೂರು ಬರೆಯುವವನಿದ್ದ. ಅಷ್ಟರಲ್ಲಿ ಇದು.

* * *

“ನಾನು ಅವನನ್ನ ಮುಟ್ಟೇ ಇಲ್ಲ,” ಎಂದ ಮೆರಿಲ್. “ಅದೇ ಸೆಲ್ಲಿನ ಡ್ಯಾರೆಲ್‌ನ ಹಿಡೀರಿ. ಇಬ್ಬರಿಗೂ ದಿನಾ ಜಗಳ. ಪಾಪ, ಬರೆಯೋ ಕೈನೇ ತುಳಿದುಬಿಟ್ಟಿದ್ದಾನೆ.”

“ಕಿರಣ್ ಕೇಸು ಹಾಕ್ತಾನೆ,” ಎಂದಳು ಅಕ್ಷತಾ.

“ದೂರೇ ಕೊಟ್ಟಿಲ್ಲ, ಗಡುವು ಮುಗೀತು. ರೂಲ್ಸ್ ಗೊತ್ತಲ್ಲ, ಲಾಯರಮ್ಮ?”

ಗೊತ್ತಿತ್ತು. ಕೈದಿ ಮೊದಲು ಜೈಲಿನೊಳಗೇ ದೂರು ಕೊಡಬೇಕು, ಆಮೇಲೆ ಕೋರ್ಟು. ಆಸ್ಪತ್ರೆಯಲ್ಲಿ ಕಿರಣನಿಗೆ ಪ್ರಜ್ಞೆ ಬರುವಷ್ಟರಲ್ಲಿ ಗಡುವು ದಾಟಿತ್ತು. ಆದರೆ ಜೈಲಿನ ಸಿಬ್ಬಂದಿಯೇ ಹೊಡೆದು ದೂರು ತಡೆದಿದ್ದರೆ ಆ ನಿಯಮ ಅಡ್ಡ ಬರುವುದಿಲ್ಲ. ಹೊಡೆದವನು ಕೈದಿಯೋ, ಗಾರ್ಡೋ? ಕೇಸಿನ ಅಳಿವು ಉಳಿವು ಅದರ ಮೇಲಿತ್ತು.

* * *

“ನಿನ್ನ ಅಂಗಿ ತುಂಬ ಅವನ ರಕ್ತ, ಡ್ಯಾರೆಲ್.”

“ಎತ್ತಿದ್ದು ನಾನೇ ಅಲ್ವಾ? ಬಿಟ್ಟಿದ್ರೆ ಸಾಯ್ತಿದ್ದ.”

“ಜಗಳ ಯಾತಕ್ಕೆ?”

“ಇರೋದೇ ಗೇಣಗಲ ಮೇಜು, ಮೇಡಂ. ಪಕ್ಕ ಪಕ್ಕ ಕೂತು ಬರೆಯೋಕೆ ಹೋದ್ರೆ ಸಾಲಿಗೊಂದು ಸಲ ಅವನ ಮೊಣಕೈ ನನ್ನ ಮೊಣಕೈಗೆ ಗುದ್ದೋದು. ಈ ಕಡೆ ಬಾರೋ ಅಂದ್ರೆ, ನೀನೇ ಹೋಗು ಅಂತಿದ್ದ.”

ಡ್ಯಾರೆಲ್ ಬಲಗೈಯಲ್ಲಿ ಮೂಗು ಒರೆಸಿಕೊಂಡ.

* * *

“ಎಡಗೈಲೆ ಉಣಬ್ಯಾಡ ಅಂತ ಬಡದು ಕಲಿಸೀನವಾ,” ಎಂದು ಗುರುಸಿದ್ದಮ್ಮ ಅತ್ತರು. “ಈಗ ಆ ಬಲಗೈನೂ ಹೋತು.”

“ಬರೆಯೋದು, ಆಂಟಿ?”

“ಅದನ್ನ ಬಿಡಿಸಾಕ ಆಗಲಿಲ್ಲ ನೋಡು. ಎಡಗೈಲೇ ಬರೀತಾನ.”

* * *

ಕೋರ್ಟಿನಲ್ಲಿ ಅಕ್ಷತಾ ಕೇಳಿದಳು. “ಕಿರಣ್ ಬರೆಯೋದು ಯಾವ ಕೈಯಲ್ಲಿ?”

“ಬಲಗೈ,” ಎಂದ ಮೆರಿಲ್. “ದಿನಾ ನೋಡಿದ್ದೀನಲ್ಲ.”

“ಬರೆಯೋದನ್ನ?”

“ತಿನ್ನೋದನ್ನ. ಬೆರಳಲ್ಲಿ ಕಲಸಿ ಕಲಸಿ. ಥೂ.”

ಜಡ್ಜ್ ಕಿರಣನಿಗೆ ಪೆನ್ನು ಕೊಡಿಸಿದರು. ಅವನು ಎಡಗೈಯಲ್ಲಿ ಸರಾಗವಾಗಿ ಹೆಸರು ಬರೆದ.

“ಡ್ಯಾರೆಲ್‌ಗೆ ಇದು ಗೊತ್ತು,” ಎಂದಳು ಅಕ್ಷತಾ. “ಅವರ ಜಗಳವೇ ಎಡಗೈ ಬಲಗೈ ಗುದ್ದಾಡುವುದರಿಂದ. ದೂರು ತಡೆಯಲು ಅವನೇ ತುಳಿದಿದ್ದರೆ ಎಡಗೈ ತುಳಿಯುತ್ತಿದ್ದ. ಬಲಗೈ ತುಳಿದವನು ಕಿರಣ್ ತಿನ್ನುವುದನ್ನಷ್ಟೇ ನೋಡಿದ್ದ. ತಿನ್ನುವ ಕೈಯೇ ಬರೆಯುವ ಕೈ ಅಂದುಕೊಂಡ. ಕೈದಿಗಳು ಹಾಕುವುದು ರಬ್ಬರ್ ಚಪ್ಪಲಿ. ಆಸ್ಪತ್ರೆಯ ಫೋಟೋದಲ್ಲಿ ಬೆರಳ ಮೇಲಿರುವುದು ಬೂಟಿನ ಹಿಮ್ಮಡಿಯ ಗುರುತು. ಆ ದೂರಿಗೆ ಹೆದರಬೇಕಿದ್ದ ಗಾರ್ಡ್ ಒಬ್ಬನೇ.”

ಮೆರಿಲ್ ಕಿರಣನ ಎಡಗೈಯನ್ನೇ ನೋಡುತ್ತಿದ್ದ. ಥಟ್ಟನೆ ಎದ್ದು ಕೂಗಿದ.

“ಅದನ್ನೂ ತುಳೀಬೇಕಿತ್ತು!”

ಅವನ ವಕೀಲ ತಲೆ ತಗ್ಗಿಸಿ ಕೂತ.

ಗಡುವಿನ ನಿಯಮ ಅಡ್ಡ ಬರುವುದಿಲ್ಲ ಎಂದರು ಜಡ್ಜ್. ಮೆರಿಲ್‌ನ ಕೈಗೆ ಬೇಡಿ ಬಿತ್ತು. ಕೇಸು ಉಳಿಯಿತು.

ಕಿರಣನ ಬಲಗೈಯ ಮೂರು ಬೆರಳುಗಳನ್ನು ಡಾಕ್ಟರು ಕತ್ತರಿಸಿ ತೆಗೆದಿದ್ದರು. ಅಕ್ಷತಾ ಕೊಟ್ಟ ಮಾತು ಮುರಿದಿತ್ತು.