ಠರಾವಿನ ವಿರುದ್ಧ ಮಯೂರಿ

"ಸರ್, ನಂಗ ಬ್ಯಾರೆ ಚೀಟಿ ಕೊಡ್ರಿ."

ಮಯೂರಿ ಚೀಟಿಯನ್ನು ಮತ್ತೆ ಮಡಚಿ ವಿರುಪಾಕ್ಷಪ್ಪ ಮಾಸ್ತರರ ಮೇಜಿನ ಮೇಲಿಟ್ಟಳು.

ಶನಿವಾರ ಕಬ್ಬೂರಿನ ಶಾಲೆಯ ಏಳನೆಯ ತರಗತಿ ಶಾಸನಸಭೆಯಾಗಲಿತ್ತು. ಹತ್ತೊಂಬತ್ತನೆಯ ಶತಮಾನದ ಅಮೇರಿಕದ ಒಂದು ರಾಜ್ಯದ ಸಭೆ. ಗುಲಾಮಗಿರಿ ತಪ್ಪು, ಅದು ಹೊಸ ಪ್ರಾಂತ್ಯಗಳಿಗೆ ಹಬ್ಬಬಾರದು ಎಂಬ ಠರಾವು ಅಲ್ಲಿ ಮಂಡನೆಯಾಗಬೇಕು. ಠರಾವಿನ ಪರ ಮಾತಾಡುವ ಚೀಟಿ ಮಾಳುಗೆ ಸಿಕ್ಕಿತ್ತು. ವಿರುದ್ಧ ಮಾತಾಡುವ ಚೀಟಿ ಮಯೂರಿಗೆ.

"ಎಲ್ಲಾರೂ ಹೂಂ ಅಂದ್ರ ಅದು ಸಭಾ ಅಲ್ಲವ್ವಾ, ಭಜನಿ ಆಗ್ತೈತಿ," ಎಂದರು ಮಾಸ್ತರರು. "ಆವಾಗ ಬ್ಯಾಡ ಅನ್ನೋರೂ ಇದ್ರು. ಏನಂತ ಹೇಳಿದ್ದಾರು, ವಿಚಾರ ಮಾಡು."

"ಹೋಗ್ಲಿ ಬಿಡ," ಎಂದಳು ಗೆಳತಿ ಭಾಗ್ಯಾ. "ಹೆಂಗೂ ಸೋಲೋ ಪಾರ್ಟಿ ನಿಂದು."

ಸೋಲುವುದಕ್ಕೆ ಮಯೂರಿ ಹೆದರಿರಲಿಲ್ಲ. ಶನಿವಾರ ಅವಳ ಆಯಿ, ಅಂದರೆ ಅಜ್ಜಿ, ಸಭೆ ನೋಡಲು ಬರುವವಳಿದ್ದಳು. ದಿನವೂ ಬಾಬಾಸಾಹೇಬರ ಫೋಟೋಕ್ಕೆ ಹೂವಿಡುವ ಆಯಿಯ ಎದುರಿಗೆ ಇಂಥ ಮಾತು ಆಡುವುದು ಹೇಗೆ?

ಸಂಜೆ ಆಯಿ ತುಳಸವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಮಯೂರಿ ಬರೆದದ್ದನ್ನು ಸಣ್ಣ ದನಿಯಲ್ಲಿ ಓದಿದಳು. "ಗುಲಾಮರು ಮೈಗಳ್ಳರು. ಅವರನ್ನು ಬಿಡಬಾರದು."

ಆಯಿ ನಕ್ಕಳು. "ಹಿಂಗ ಯಾರ್ ಮಾತಾಡ್ತಾರ ಬೇ? ಒಂದ್ ನಾಯೀನೂ ನಿನ್ ಕಡಿ ಬರಾಂಗಿಲ್ಲ."

"ನಿಂಗ ಸಿಟ್ಟ ಬರಲಿಲ್ಲೇನ ಆಯಿ?"

"ನೀ ಎಲ್ಲಿ ಅನ್ನಾಕತ್ತಿ? ಚೀಟಿ ಅನ್ನಾಕತ್ತೈತಿ." ಆಯಿಯ ಕೈ ನಿಂತಿತು. "ನಿನ್ನಷ್ಟ ಇದ್ದಾಗ ಗೌಡರ ತಂಬಾಕ ಹೊಲದಾಗ ದುಡೀತಿದ್ನಿ. ಗೌಡಶಾನಿ ಒಂದ್ ದಿನಾನೂ ಬೈಲಿಲ್ಲ. 'ತುಳಸಿ, ನೀ ನನ್ ಮಗಳಿದ್ದಂಗ' ಅಂತಿದ್ಲು. ಹಬ್ಬಕ್ಕ ಹೋಳಿಗಿ, ಮ್ಯಾಲ ತುಪ್ಪ. ಸಾಲಿಗಿ ಹೋಗ್ತೀನಿ ಅಂದ್ನಿ. 'ಅಯ್ಯ, ಇಲ್ಲೇನ್ ಕಡಿಮಿ ಆಗೇತಿ ನಿಂಗ' ಅಂದ್ಲು."

"ಆಮ್ಯಾಲ?"

"ಆಮ್ಯಾಲ ಏನು, ಹೋಳಿಗಿ ತಿಂದು ಹೊಲಕ್ಕ ಹೋದ್ನಿ. ಹಂಗ ಬರಿ."

ಶನಿವಾರ ಮೊದಲು ಮಾಳು ಮೇಜು ಕುಟ್ಟಿ ಕೂಗಾಡಿದ. ಆಮೇಲೆ ಮಯೂರಿ ಎದ್ದಳು. ಬಾಗಿಲ ಬಳಿಯ ಕುರ್ಚಿಯಲ್ಲಿ ಆಯಿ ಇದ್ದಳು.

"ಅವರು ನಮ್ಮ ಮಕ್ಕಳಿದ್ದಂಗ್ರಿ," ಎಂದಳು ಮಯೂರಿ ಮೆತ್ತಗೆ. "ಹೊಟ್ಟಿ ತುಂಬ ಊಟ ಹಾಕ್ತೇವಿ. ಬಿಟ್ಟ್ ಕಳಿಸಿದ್ರ ಪಾಪ, ಎಲ್ಲಿ ಹೋಗ್ಬೇಕು ಅವರು? ಹಬ್ಬಕ್ಕ ಹೋಳಿಗಿ ಕೊಡ್ತೇವಿ, ಮ್ಯಾಲ ತುಪ್ಪ."

"ಅಮೇರಿಕಾದಾಗ ಹೋಳಿಗಿ ಅಂತಲೇ," ಎಂದ ಮಾಳು. ಎಲ್ಲರೂ ನಕ್ಕರು. ಆದರೆ ನಕ್ಕ ಮೇಲೆ ಮತ್ತೆ ಅವಳತ್ತಲೇ ನೋಡಿದರು.

ಮತ ಹಾಕುವಾಗ ಚೀಟಿಯಲ್ಲಿದ್ದಂತೆ ನಡೆಯಬೇಕಿಲ್ಲ, ಯಾರು ಯಾವ ಕಡೆಗೂ ಕೈ ಎತ್ತಬಹುದು ಎಂದರು ಮಾಸ್ತರರು. "ಠರಾವು ಬ್ಯಾಡ ಅನ್ನೋರು?"

ನಾಲ್ಕು ಕೈ. ಏಳು. ಹನ್ನೊಂದು. ಭಾಗ್ಯಾಳದೂ ಎದ್ದಿತು. ಹದಿಮೂರು. ಮಯೂರಿ ಬಾಗಿಲ ಬಳಿಯ ಆಯಿಯತ್ತ ನೋಡಿದಳು.

"ಬೇಕು ಅನ್ನೋರು?" ಮಾಸ್ತರರು ಎಣಿಸಿದರು. "ಹದಿಮೂರು. ಇನ್ನೊಬ್ರ ಕೈ ಬರಬೇಕಲ್ಲ."

ಮಯೂರಿ ಕೈ ಎತ್ತಿದಳು. ಠರಾವು ಪಾಸಾಯಿತು.

"ಏ, ತನ್ ಪಾರ್ಟಿಗೆ ತಾನ ಟೋಪಿ ಹಾಕಿದ್ಲು," ಎಂದು ಮಾಳು ಕುಣಿದ.

ಮನೆಗೆ ಹೋಗುವಾಗ ಭಾಗ್ಯಾಳ ಮುಖ ಊದಿತ್ತು. "ನಾ ನಿನ್ ಕಡಿ ಎತ್ತಿದ್ರ ನೀ ಆ ಕಡಿ ಎತ್ತಿದಿ."

"ನೀ ಯಾಕ ಎತ್ತಿದಿ?"

"ನೀ ಎಷ್ಟ್ ಪ್ರೀತಿಲೆ ಹೇಳಿದಿ. ಖರೇನ ಅನಿಸ್ತು."

ಮಯೂರಿ ತಲೆ ಎತ್ತಿ ನೋಡಿದಳು. ಮುಂದೆ ಆಯಿ ಒಬ್ಬಳೇ ನಿಧಾನವಾಗಿ ನಡೆಯುತ್ತಿದ್ದಳು. ಇವತ್ತು ಆ ಮಾತು ಕೇಳಿ ನಂಬಿದವರು ಹದಿಮೂರು ಮಂದಿ. ಆಗ ಗೌಡಶಾನಿಯ ಎದುರಿಗೆ ಆಯಿ ಒಬ್ಬಳೇ ನಿಂತಿದ್ದಳು, ತನ್ನಷ್ಟೇ ಎತ್ತರದ ಹುಡುಗಿ.

ಮಯೂರಿ ಭಾಗ್ಯಾಳ ಕೈ ಹಿಡಿದು ಬೇಗ ಬೇಗ ನಡೆದು, ಆಯಿಯ ಪಕ್ಕಕ್ಕೆ ಬಂದಳು.