ಒರೆಸಿಹೋದ ಬಿಳುಪು

ಅವಳು ಕತ್ತರಿ ತೆರೆದಳು, ಮತ್ತೆ ಮುಚ್ಚಿದಳು. ಎದುರಿಗೆ ಎಲೆಯೆಲ್ಲ ಉದುರಿದ ಬರಿಗಡ್ಡಿಗಳ ಸಾಲು. ಇದರಲ್ಲಿ ರಾಸ್ಪ್‌ಬೆರಿ ಯಾವುದು, ಬ್ಲ್ಯಾಕ್‌ಬೆರಿ ಯಾವುದು? ದೇವರೇ, ಪಕ್ಕದ ಮನೆಯವನ ತಾಯಿ ನೆಟ್ಟ ಗಿಡಕ್ಕೆ ನನ್ನಿಂದ ಕೇಡಾಗದಿರಲಿ ಎಂದು ಬೇಡಿಕೊಂಡಳು.

ಪಕ್ಕದ ಮನೆಯ ಕನ್ನಡಕದ ಅಂಗಡಿಯವನು ಪ್ರಯಾಣ ಹೊರಟಾಗ, "ಅಮ್ಮ ನೆಟ್ಟ ರಾಸ್ಪ್‌ಬೆರಿ ಹಣ್ಣಿನ ಗಿಡ. ಅವರು ಹೋದಮೇಲೆ ನನಗೆ ಉಳಿದಿರೋದು ಇದೇ. ಸ್ವಲ್ಪ ನೋಡ್ಕೊಳ್ತೀರಾ?" ಎಂದಿದ್ದ.

ಅವಳೋ ಲಾಂಡ್ರಿ ನಡೆಸುವವಳು. ಕಲೆ ಕಂಡಲ್ಲಿ ಕೈ ಸುಮ್ಮನಿರದು. ಕೆಲವು ಕಡ್ಡಿಗಳ ಮೇಲೆ ಬೂದಿ ಬಳಿದಂಥ ಬಿಳುಪು ಕಂಡದ್ದೇ ತಡ, ಗಿಡಕ್ಕೇನೋ ರೋಗವೆಂದು ಬಗೆದು, ಒದ್ದೆ ಬಟ್ಟೆಯಿಂದ ಒಂದೊಂದನ್ನೂ ಎಳೆಮಗುವಿನ ಮೈಯಂತೆ ಒರೆಸಿಬಿಟ್ಟಳು.

ಇವತ್ತು ಬೆಳಿಗ್ಗೆ ಅವನ ಫೋನು. "ಸಂಜೆ ಬರ್ತೀನಿ. ಬೇಲಿಯಿಂದ ಕಾಡು ಬ್ಲ್ಯಾಕ್‌ಬೆರಿ ನುಗ್ಗಿತ್ತಲ್ಲ, ಅದನ್ನ ಕತ್ತರಿಸಿಬಿಡ್ತೀರಾ? ಬೂದಿ ಹಚ್ಚಿದ ಹಾಗಿರೋದು ಅಮ್ಮನದು. ಸುಲಭ."

ಸುಲಭವಂತೆ! ನಿಜ ಹೇಳಲು ಬಾಯಿ ಬರಲಿಲ್ಲ.

"ಹೇಳಿಬಿಡೇ, ಅವನೇನು ನಿನ್ನ ನುಂಗ್ತಾನಾ?" ಎಂದಳು ಗೋಡೆಯಾಚೆಯಿಂದ ಅಕ್ಕ.

"ಅವರಮ್ಮನ ಗಿಡ ಕಣೇ."

"ಗಿಡದ ಚಿಂತೆನೋ, ಗಿಡದ ಯಜಮಾನನ ಚಿಂತೆನೋ!"

"ಸುಮ್ನಿರೇ ಅಕ್ಕ!"

ಕೊನೆಗೆ ಒಂದು ಬುಡವನ್ನು ಅಂದಾಜಿನಲ್ಲೇ ಕತ್ತರಿಸಿದಳು. ಅಷ್ಟರಲ್ಲಿ ಗೇಟು ಕಿರುಗುಟ್ಟಿತು.

"ನಾನು... ಬಿಳುಪೆಲ್ಲ ಒರೆಸಿಬಿಟ್ಟೆ. ರೋಗ ಅಂದ್ಕೊಂಡೆ," ಎಂದಳು, ಅವನು ಬ್ಯಾಗು ಇಳಿಸುವ ಮೊದಲೇ.

ಅವನು ಬಾಗಿ, ಬಿದ್ದ ಕಡ್ಡಿಯನ್ನೆತ್ತಿ ಬೆರಳಾಡಿಸಿದ. ಮುಖ ಬಾಡಿತು. "ಇದು ಅಮ್ಮನದೇ."

ಅವಳ ಕಣ್ಣು ತುಂಬಿತು. ಅವನು ಕಡ್ಡಿಯನ್ನು ಬೇಲಿಗೆ ಒರಗಿಸಿಟ್ಟ. ಆಮೇಲೆ ಅವಳ ಗೀರುಬಿದ್ದ ಬೆರಳುಗಳನ್ನು ನೋಡಿದ.

"ಎಲ್ಲಾನೂ ಒರೆಸಿದ್ರಾ? ಒಂದೊಂದಾಗಿ?"

"ಹೌದು."

"ಕಣ್ಣು ಮುಚ್ಚಿ."

"ಕನ್ನಡಕ ಮಾರೋರು ಹೀಗಂದ್ರೆ ವ್ಯಾಪಾರ ಆದ ಹಾಗೇ!"

ಅವನು ನಕ್ಕ. ಅವಳ ಬೆರಳು ಹಿಡಿದು ಒಂದು ಕಡ್ಡಿಯ ಮೇಲಿಟ್ಟ. ದುಂಡಗಿತ್ತು, ಮುಳ್ಳು ಸಣ್ಣಗೆ, ಎರಡು ದಿನ ಬೋಳಿಸದ ಗಲ್ಲದಂತೆ ತರಿತರಿ.

"ಇದು ರಾಸ್ಪ್‌ಬೆರಿ. ಈಗ ಇದು?"

ದಪ್ಪನೆಯ ಕಡ್ಡಿ, ಏಣು ಏಣಾಗಿ ಬೆರಳಿಗೆ ಒತ್ತಿತು. ಕೊಕ್ಕೆಮುಳ್ಳು ಅವಳ ಸೆರಗನ್ನೇ ಹಿಡಿಯಿತು. "ಬ್ಲ್ಯಾಕ್‌ಬೆರಿ," ಎಂದಳು. "ಆದ್ರೆ ನಾನು ಕಡಿದಿದ್ದು?"

"ಬೇರು ಇದೆ, ಚಿಗುರುತ್ತೆ."

"ಚಿಗುರದಿದ್ರೆ?"

"ಬೇಜಾರಾಗುತ್ತೆ. ಆದ್ರೆ ದಾರಿಯುದ್ದಕ್ಕೂ ನನಗಿದ್ದ ಭಯ ಗಿಡದ್ದಲ್ಲ." ಅವನ ದನಿ ತಗ್ಗಿತು. "ಕೇಳಿದ್ರೆ ನೀವು ಒಲ್ಲೆ ಅಂತೀರೇನೋ ಅಂತ."

ಅವಳು ಕಣ್ಣು ತೆರೆಯಲಿಲ್ಲ. ಬೆರಳು ಇನ್ನೂ ಅವನ ಕೈಯಲ್ಲೇ ಇತ್ತು.

"ಕೇಳಿ ಮತ್ತೆ."

"ನನ್ನ ಮದುವೆ ಆಗ್ತೀರಾ?"

"ಬೆಳಿಗ್ಗೆ ಫೋನಲ್ಲೇ ಕೇಳೋದಲ್ವಾ? ಇಡೀ ದಿನ ಜೀವ ತೆಗೆದ್ರಲ್ಲ!" ಕಣ್ಣು ತೆರೆದು, ಇನ್ನೊಂದು ಕೈಯನ್ನೂ ಅವನ ಕೈಯ ಮೇಲಿಟ್ಟಳು. "ಆಗ್ತೀನಿ."